ಅಣ್ಣ ಅಮೆರಿಕದಲ್ಲಿ, ತಮ್ಮನಿಗೆ ರಕ್ಷಣಾ ಇಲಾಖೆಯ ಕೆಲಸ

ಯಲಹಂಕದ ವಾಯುನೆಲೆ, ಹೆಬ್ಬಾಳದ ವಾಯುಪಡೆ ತರಬೇತಿ ಕಮಾಂಡ್, ಜಾಲಹಳ್ಳಿಯ ಬಿಇಎಲ್, ನ್ಯೂ ಬಿಇಎಲ್ ರಸ್ತೆಯ ಇಸ್ರೊ ಕೇಂದ್ರ ಕಚೇರಿ. ಬೆಂಗಳೂರಿನ ಉತ್ತರ ಭಾಗದಲ್ಲಿ ದೇಶದ ಗುಟ್ಟು ಕಾಯುವ ಸಂಸ್ಥೆಗಳಿಗೆ ಕೊರತೆಯಿಲ್ಲ. ಮಕ್ಕಳನ್ನು ಹೊರದೇಶಕ್ಕೆ ಕಳುಹಿಸಿದ ಮನೆಗಳಿಗೂ ಕೊರತೆಯಿಲ್ಲ. ಹೀಗಾಗಿ ಕೆಲವು ಮನೆಗಳಲ್ಲಿ ನೇಮಕದ ಸಿಹಿಸುದ್ದಿಯ ಹಿಂದೆಯೇ ಒಂದು ಅಳುಕೂ ಬರುತ್ತದೆ: ಅಣ್ಣ ಅಮೆರಿಕದ ಪ್ರಜೆ ಎಂದು ಬರೆದರೆ ತಮ್ಮನ ಕೆಲಸಕ್ಕೆ ಕುತ್ತು ಬಂದೀತೆ?

ಈ ಅಳುಕಿನ ಮೂಲ, ಕೇಂದ್ರ ಸರ್ಕಾರದ ಹುದ್ದೆಗೆ ಆಯ್ಕೆಯಾದವರು ತುಂಬಬೇಕಾದ ದೃಢೀಕರಣ ನಮೂನೆ. ತಂದೆ, ತಾಯಿ, ಪತಿ ಅಥವಾ ಪತ್ನಿ, ಒಡಹುಟ್ಟಿದವರು ಯಾವ ದೇಶದ ಪ್ರಜೆಗಳು, ಎಲ್ಲಿ ಹುಟ್ಟಿದರು ಎಂದು ಅದು ಕೇಳುತ್ತದೆ. ಮಕ್ಕಳು ಹೊರದೇಶದಲ್ಲಿ ಓದುತ್ತಿದ್ದರೆ ಅಥವಾ ನೆಲೆಸಿದ್ದರೆ ಆ ವಿವರವನ್ನೂ ಕೊಡಬೇಕು. ಮೂಲತಃ ಪಾಕಿಸ್ತಾನದ ನಿವಾಸಿಯಾಗಿದ್ದರೆ ಅಲ್ಲಿನ ವಿಳಾಸ, ಭಾರತಕ್ಕೆ ವಲಸೆ ಬಂದ ದಿನಾಂಕವನ್ನು ಕೇಳುವ ಕಲಮು ಕೂಡ ಇದೆ. 1947ರ ದೇಶ ವಿಭಜನೆ ಸರ್ಕಾರಿ ಕಾಗದದ ಮೇಲೆ ಬಿಟ್ಟುಹೋದ ಗುರುತು ಅದು.

ಇಷ್ಟೆಲ್ಲ ಏಕೆ ಕೇಳಬೇಕು? ಹೊರಗಿರುವ ಬಂಧು ದ್ರೋಹಿ ಎಂಬ ಎಣಿಕೆಯಿಂದಲ್ಲ. ಬಂಧುವನ್ನು ಹಿಡಿದು ಇಲ್ಲಿನ ನೌಕರನ ಮೇಲೆ ಯಾರಾದರೂ ಒತ್ತಡ ಹೇರಬಹುದೇ ಎಂಬುದು ಭದ್ರತಾ ತಪಾಸಣೆಯ ಮುಖ್ಯ ಪ್ರಶ್ನೆ.

ಹಿಂದೆ ಈ ವಿಚಾರದಲ್ಲಿ ಬಿಗಿ ಹೆಚ್ಚಾಗಿತ್ತು. ವಿದೇಶಾಂಗ ಸೇವೆಯಲ್ಲಿದ್ದ ಕೆ.ಆರ್. ನಾರಾಯಣನ್ 1951ರಲ್ಲಿ ಬರ್ಮಾದ ಮಾ ಟಿಂಟ್ ಟಿಂಟ್ ಅವರನ್ನು ವರಿಸಲು ಪ್ರಧಾನಿ ನೆಹರೂ ಅವರ ವಿಶೇಷ ಅನುಮತಿ ಬೇಕಾಯಿತು. ಆಕೆ ಉಷಾ ಎಂಬ ಹೆಸರು ತಳೆದು ಭಾರತದ ಪ್ರಜೆಯಾದರು. 1997ರಲ್ಲಿ ನಾರಾಯಣನ್ ರಾಷ್ಟ್ರಪತಿಯಾದರು.

ಅದೇ ಸೇವೆಯಲ್ಲಿ ಹೆಣ್ಣಿಗೆ ಇನ್ನೂ ದೊಡ್ಡ ಅಡ್ಡಿಯಿತ್ತು. ವರ ಯಾವ ದೇಶದವನೇ ಆಗಲಿ, ಮದುವೆಗೆ ಆಕೆ ಸರ್ಕಾರದ ಅಪ್ಪಣೆ ಪಡೆಯಬೇಕಿತ್ತು. ಸಂಸಾರದ ಹೊಣೆ ಕೆಲಸಕ್ಕೆ ತೊಡಕೆಂದು ಕಂಡರೆ ರಾಜೀನಾಮೆ ಕೊಡುವಂತೆ ಸರ್ಕಾರ ಹೇಳಬಹುದಿತ್ತು. ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದವರು ಕೊಡಗಿನ ಸಿ.ಬಿ. ಮುತ್ತಮ್ಮ, ವಿದೇಶಾಂಗ ಸೇವೆ ಸೇರಿದ ಮೊದಲ ಮಹಿಳೆ. 1979ರ ತೀರ್ಪಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಇದನ್ನು ತಾರತಮ್ಯವೆಂದು ಕಟುವಾಗಿ ಟೀಕಿಸಿದರು.

ಕೇಂದ್ರದ ಸಾಮಾನ್ಯ ನೌಕರರಿಗೆ ಅನ್ವಯಿಸುವ 1964ರ ನಡತೆ ನಿಯಮಗಳು ಇಷ್ಟು ಕಠಿಣವಲ್ಲ. 21ನೇ ನಿಯಮದಂತೆ, ವಿದೇಶಿ ಪ್ರಜೆಯನ್ನು ಮದುವೆಯಾದವರು ಅದನ್ನು ಕೂಡಲೇ ಸರ್ಕಾರಕ್ಕೆ ತಿಳಿಸಬೇಕು. ಅಲ್ಲಿ ಕೇಳಿರುವುದು ಮಾಹಿತಿ, ಅನುಮತಿಯಲ್ಲ.

ದೃಢೀಕರಣ ನಮೂನೆಯ ಧಾಟಿಯೂ ಇದೇ. ಅದರ ಆರಂಭದಲ್ಲೇ ಇರುವ ಎಚ್ಚರಿಕೆ ಬಂಧುಗಳ ಬಗ್ಗೆ ಅಲ್ಲ. ಸುಳ್ಳು ಹೇಳುವುದು ಅಥವಾ ನಿಜ ಮುಚ್ಚಿಡುವುದು ಅನರ್ಹತೆ ಎಂಬುದು. ಮೊಕದ್ದಮೆಗಳ ವಿವರ ಮುಚ್ಚಿಟ್ಟವರ ಕುರಿತು 2016ರಲ್ಲಿ ಸುಪ್ರೀಂ ಕೋರ್ಟ್ ಅವತಾರ್ ಸಿಂಗ್ ಪ್ರಕರಣದಲ್ಲಿ ಹೇಳಿದ್ದೂ ಇದನ್ನೇ: ಕೊಡುವ ಮಾಹಿತಿ ನಿಜವಾಗಿರಬೇಕು. ಹಾಗೆಂದು ನಿಜ ಬರೆದರೆ ಎಲ್ಲವೂ ಮುಗಿಯಿತೆಂದಲ್ಲ. ವಿಚಾರಣೆ ನಡೆಯುತ್ತದೆ, ಹುದ್ದೆ ಸೂಕ್ಷ್ಮವಾದಷ್ಟೂ ಪ್ರಶ್ನೆಗಳು ಹೆಚ್ಚು. ಆದರೆ ಬರೆದ ಅಣ್ಣನಿಗೆ ವಿವರಣೆ ಕೊಡಬಹುದು, ಬಚ್ಚಿಟ್ಟ ಅಣ್ಣನಿಗೆ ಕೊಡಲಾಗದು.

ಅಮೆರಿಕದಲ್ಲಿರುವ ಅಣ್ಣನ ಮಕ್ಕಳಿಗೂ ಇದು ತಪ್ಪಿದ್ದಲ್ಲ. ಅಲ್ಲಿನ ಭದ್ರತಾ ಅನುಮತಿಗೆ ಅಳೆಯುವ 13 ಮಾನದಂಡಗಳಲ್ಲಿ ವಿದೇಶಿ ಪ್ರಭಾವವೂ ಒಂದು. ರಕ್ಷಣಾ ಕೆಲಸಕ್ಕೆ ಅರ್ಜಿ ಹಾಕುವ ಮೊಮ್ಮಗಳು ಯಲಹಂಕದ ಅಜ್ಜಿಯೊಡನೆ ತನಗಿರುವ ಒಡನಾಟವನ್ನು ತಿಳಿಸಬೇಕಾಗುತ್ತದೆ. ಅಲ್ಲಿನ ಲೆಕ್ಕದಲ್ಲಿ ಅಜ್ಜಿಯೇ ವಿದೇಶಿ.