ಮಲೆನಾಡಿನ ಜೀಪು ಮತ್ತು ಅದರ ಎರಡನೇ ಪೆಟ್ಟಿಗೆ



ಸಹಕಾರ ಚಳವಳಿಯ ಇತಿಹಾಸವನ್ನು 1905ರ ಕಣಗಿನಹಾಳದಿಂದ ಹೇಳಲು ಆರಂಭಿಸುವುದು ವಾಡಿಕೆ. ಸಾಲ, ಬೀಜ, ಗೊಬ್ಬರಗಳ ಲೆಕ್ಕ ಈ ಸಂಚಿಕೆಯ ಬೇರೆ ಪುಟಗಳಲ್ಲಿದೆ. ಆದರೆ ಆ ಚೀಲಗಳು ಊರು ಮುಟ್ಟಿದ್ದು ಹೇಗೆ? ಮೊದಲು ಚಕ್ಕಡಿ, ಆಮೇಲೆ ಜೀಪು. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುವ ನಮ್ಮ ಖಾನಾಪುರ ತಾಲೂಕಿನ ಪಶ್ಚಿಮ ಭಾಗದಲ್ಲಿ ಮಳೆಗಾಲವೆಂದರೆ ರಾಡಿ, ಹಳ್ಳ, ಜಾರುವ ಕೆಂಪು ಮಣ್ಣಿನ ಏರು. ಬಾಣಂತಿಯನ್ನೋ ಹಾವು ಕಚ್ಚಿದವರನ್ನೋ ದವಾಖಾನೆಗೆ ಮುಟ್ಟಿಸಬೇಕಾದಾಗ ಫೋರ್‌ವೀಲ್ ಹತ್ತುತ್ತದೋ ಇಲ್ಲವೋ ಎಂಬುದು ಜೀವದ ಪ್ರಶ್ನೆ. ಆದ್ದರಿಂದ ಆ ಜೀಪಿನ ಟ್ರಾನ್ಸ್‌ಫರ್ ಕೇಸ್ ಎಂಬ ಪೆಟ್ಟಿಗೆಯ ಚರಿತ್ರೆಯನ್ನೂ ಅದರ ರೋಗಲಕ್ಷಣಗಳನ್ನೂ ಇಲ್ಲಿ ಬರೆದಿಡುತ್ತಿದ್ದೇವೆ.

ಯುದ್ಧದಿಂದ ಹೊಲಕ್ಕೆ

ಜೀಪು ಹುಟ್ಟಿದ್ದು ಎರಡನೇ ಮಹಾಯುದ್ಧಕ್ಕಾಗಿ. 1941ರಿಂದ ಅಮೆರಿಕದ ವಿಲ್ಲೀಸ್ ಕಂಪನಿ ಇದನ್ನು ಸಾವಿರಗಟ್ಟಲೆ ತಯಾರಿಸಿತು. ಗೇರ್ ಬಾಕ್ಸಿನ ಬೆನ್ನಿಗೆ ಸ್ಪೈಸರ್ 18 ಎಂಬ ಎರಡನೇ ಪೆಟ್ಟಿಗೆಯನ್ನು ಜೋಡಿಸಿ, ಎಂಜಿನ್ನಿನ ಶಕ್ತಿಯನ್ನು ಹಿಂದಿನ ಗಾಲಿಗಳಿಗೂ ಮುಂದಿನ ಗಾಲಿಗಳಿಗೂ ಹಂಚಿದರು. ಎರಡು ಸಣ್ಣ ಲಿವರುಗಳಲ್ಲಿ ಒಂದು ಮುಂದಿನ ಗಾಲಿಗೆ, ಇನ್ನೊಂದು ಹೈ–ಲೋಗೆ. ಯುದ್ಧಕಾಲದ ಜೀಪಿನಲ್ಲಿ ಲೋ ಅನುಪಾತ 1.97 ಇತ್ತು. ಅಂದರೆ ವೇಗ ಅರ್ಧಕ್ಕೆ ಇಳಿದು ಎಳೆಯುವ ಕಸುವು ಹೆಚ್ಚು ಕಡಿಮೆ ಎರಡು ಪಟ್ಟಾಗುತ್ತಿತ್ತು. ನಂತರದ ಜೀಪುಗಳಲ್ಲಿ ಇದು ಎರಡೂವರೆ ಪಟ್ಟಿನ ಹತ್ತಿರಕ್ಕೆ ಬಂತು.

ಯುದ್ಧ ಮುಗಿದ ಮೇಲೆ ಸೈನ್ಯ ಬಿಟ್ಟ ಜೀಪುಗಳು ನಮ್ಮ ದೇಶದಲ್ಲಿ ಹರಾಜಾದವು. 1945ರಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಆರಂಭವಾಗಿ, 1948ರಲ್ಲಿ ಮಹೀಂದ್ರಾ ಅಂಡ್ ಮಹೀಂದ್ರಾ ಎಂದು ಹೆಸರಾದ ಸಂಸ್ಥೆ 1947ರಿಂದಲೇ ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿತ್ತು. ಆಮೇಲೆ ಬಂದ ಫೋರ್‌ವೀಲ್ ಜೀಪುಗಳಲ್ಲೂ ಇದೇ ನಮೂನೆಯ ಪೆಟ್ಟಿಗೆ ಬಹುಕಾಲ ಮುಂದುವರಿಯಿತು.

ನಡುವಿನ ಶಾಫ್ಟಿನ ಕಥೆ

ಈ ಪೆಟ್ಟಿಗೆಯ ಜೀವಾಳ ಅದರ ನಡುವಿನ ಗೇರು. ಅಲುಗಾಡದ ಒಂದು ಶಾಫ್ಟಿನ ಮೇಲೆ, ಸೂಜಿಯಂಥ ರೋಲರುಗಳ ಆಸರೆಯಲ್ಲಿ ಅದು ತಿರುಗುತ್ತದೆ. ಭಾರವೆಲ್ಲ ಅದರ ಮೇಲೆಯೇ. ಮೊದಲು ಮುಕ್ಕಾಲು ಇಂಚಿದ್ದ ಆ ಶಾಫ್ಟು ಬೇಗ ಸವೆಯುತ್ತಿತ್ತು. 1946ರಲ್ಲಿ ಅದನ್ನು ಒಂದು ಇಂಚು ಒಂದು ದೊರೆಗೆ, 1953ರ ಸುಮಾರಿಗೆ ಒಂದೂಕಾಲು ಇಂಚಿಗೆ ದಪ್ಪ ಮಾಡಿದರು. ಹೀಗಾಗಿ ಒಂದು ಕಾಲದ ಸಾಮಾನು ಇನ್ನೊಂದಕ್ಕೆ ಕೂಡುವುದಿಲ್ಲ. ಅಂಗಡಿಗೆ ಹೋಗುವ ಮುಂಚೆ ಹಳೆಯದನ್ನು ಬಿಚ್ಚಿ ಅಳತೆ ತಗೊಂಡು ಹೋಗ್ರಿ ಎಂದು ಮಿಸ್ತ್ರಿಗಳು ಹೇಳುವುದು ಇದಕ್ಕೇ.

ಬರೀ ಶಾಫ್ಟು, ರೋಲರು ಸವೆದಿದ್ದರೆ ಬದಲಿಸಿದರೆ ಸಾಕು. ಅಲಕ್ಷ್ಯ ಮಾಡಿದರೆ ಶಾಫ್ಟು ಸಡಿಲಾಗಿ ಪೆಟ್ಟಿಗೆಯ ತೂತನ್ನೇ ತಿನ್ನುತ್ತದೆ. ಆಗ ಲೇತ್ ಕೆಲಸದವರ ಹತ್ತಿರ ತೂತು ಕೊರೆಸಿ ಬುಷ್ ಹಾಕಿಸಬೇಕು. ಫೌಂಡ್ರಿ, ಲೇತುಗಳಿಗೆ ಹೆಸರಾದ ಬೆಳಗಾವಿಯ ಉದ್ಯಮಬಾಗ ಹತ್ತಿರವಿರುವುದು ನಮ್ಮ ಪುಣ್ಯ.

ರೋಗ ಎಲ್ಲಿ?

ಗಾಡಿ ಗುರುಗುಡುತ್ತದೆ ಎಂದ ಕೂಡಲೇ ಪೆಟ್ಟಿಗೆ ಬಿಚ್ಚಿಸಬಾರದು. ಮೊದಲು ಆಯಿಲ್ ನೋಡಬೇಕು. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಹಳ್ಳದ ನೀರು ಒಳಗೆ ಸೇರಿದೆ. ಪೂರ್ತಿ ಇಳಿಸಿ ಹೊಸದು ಹಾಕಬೇಕು. ಲೋಹದ ಚೂರು ಬಂದರೆ ಬಿಚ್ಚದೆ ಗತಿಯಿಲ್ಲ.

ಸದ್ದಿಗೊಂದು ಪರೀಕ್ಷೆ ಇದೆ. ಗಾಡಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಟ್ರಾನ್ಸ್‌ಫರ್ ಲಿವರನ್ನು ನ್ಯೂಟ್ರಲಿಗೆ ತಂದು, ಗೇರ್ ಬಾಕ್ಸನ್ನು ಟಾಪಿಗೆ ಹಾಕಿ ಕ್ಲಚ್ ಬಿಡಬೇಕು. ಗಾಡಿ ಸರಿಯುವುದಿಲ್ಲ, ನಡುವಿನ ಗೇರು ಮಾತ್ರ ತಿರುಗುತ್ತದೆ. ಆಗಲೂ ಕರಕರ ಅಂದರೆ ಅನುಮಾನ ಅಲ್ಲಿಯೇ. ನಿಂತಾಗ ಸದ್ದಿಲ್ಲದೆ ಓಡುವಾಗ ಮಾತ್ರ ಬಂದರೆ ಪ್ರೊಪೆಲರ್ ಶಾಫ್ಟಿನ ಕ್ರಾಸ್, ಹಿಂದಿನ ಬೇರಿಂಗ್, ಡಿಫರೆನ್ಶಿಯಲ್ ಕಡೆಗೆ ನೋಡಬೇಕು. ಇವುಗಳಲ್ಲಿ ಕ್ರಾಸ್ ಎಲ್ಲಕ್ಕಿಂತ ಅಗ್ಗದ ಕೆಲಸ.

ಹ್ಯಾಂಡ್‌ಬ್ರೇಕ್ ಹಿಡಿಯದಿದ್ದರೆ ಬಹಳ ಮಂದಿ ಲೈನರ್ ಬದಲಿಸ್ತಾರ. ಈ ಜೀಪುಗಳಲ್ಲಿ ಅದರ ಡ್ರಮ್ಮು ಟ್ರಾನ್ಸ್‌ಫರ್ ಕೇಸಿನ ಹಿಂಬದಿಗೇ ಇದೆ. ಆಯಿಲ್ ಸೀಲ್ ಸೋರಿದರೆ ಲೈನರು ನೆನೆಯುತ್ತದೆ. ಸೀಲ್ ಹಾಕದೆ ಲೈನರ್ ಹಾಕಿದರೆ ರೊಕ್ಕ ನೀರಿಗೆ. ಸೀಲ್ ಕೂಡುವ ಯೋಕಿನಲ್ಲಿ ಗೀರು ಬಿದ್ದಿದ್ದರೆ ಹೊಸ ಸೀಲೂ ನಿಲ್ಲದು. ಗೇರ್ ಬಾಕ್ಸಿನ ಆಯಿಲ್ ಕಡಿಮೆಯಾಗಿ ಟ್ರಾನ್ಸ್‌ಫರಿನದು ಏರುತ್ತಿದ್ದರೆ ಎರಡರ ನಡುವಿನ ಸೀಲ್ ಹೋಗಿದೆಯೆಂದೇ ಅರ್ಥ.

ಏರಿನಲ್ಲಿ ಲಿವರ್ ತಾನೇ ಹಾರಿ ನ್ಯೂಟ್ರಲಿಗೆ ಬರುವುದು ಎಲ್ಲಕ್ಕಿಂತ ಅಪಾಯ. ತುಂಬಿದ ಗಾಡಿ ಹಿಂದಕ್ಕೆ ಉರುಳುತ್ತದೆ. ಹಿಡಿದಿಡುವ ಗುಂಡು–ಸ್ಪ್ರಿಂಗ್ ಸೋತಿರಬಹುದು, ಗೇರಿನ ಹಲ್ಲು ಮೊಂಡಾಗಿರಬಹುದು, ಶಾಫ್ಟಿನ ಆಟ ಹೆಚ್ಚಿರಬಹುದು. ಲಿವರಿಗೆ ಹಗ್ಗ ಕಟ್ಟಿ ಓಡಿಸುವುದು ರಿಪೇರಿ ಅಲ್ಲ.

ಲಿವರ್ ಬಿಗಿದು ಹಿಂದೆ ಬರದಿದ್ದರೆ ಮಾತ್ರ ಗಾಬರಿ ಬೇಡ. ಡಾಂಬರಿನ ಮೇಲೆ ಫೋರ್‌ವೀಲ್‌ನಲ್ಲಿ ಓಡಿಸಿದಾಗ, ಇಲ್ಲವೆ ಟೈರುಗಳ ಅಳತೆ ಬೇರೆ ಬೇರೆ ಇದ್ದಾಗ, ಮುಂದಿನ ಹಿಂದಿನ ಗಾಲಿಗಳು ಜಗ್ಗಾಡಿ ಗೇರುಗಳು ಬಿಗಿಯುತ್ತವೆ. ನಾಲ್ಕು ಮಾರು ರಿವರ್ಸ್ ತಗೊಂಡರೆ ಲಿವರ್ ಸಡಿಲಾಗುತ್ತದೆ. ಸುತ್ತಿಗೆ ಬೇಕಿಲ್ಲ.

ಕಾಡಿನಲ್ಲಿ ಹಿಂದಿನ ಕ್ರಾಸ್ ಮುರಿದರೆ ಆ ಪ್ರೊಪೆಲರ್ ಶಾಫ್ಟ್ ಕಳಚಿಟ್ಟು, ಫೋರ್‌ವೀಲ್ ಹಾಕಿ, ಬರೀ ಮುಂದಿನ ಗಾಲಿಗಳ ಮೇಲೆ ಸಾವಕಾಶ ಊರು ಸೇರಬಹುದು. ಅದಕ್ಕಾಗಿ ಒಂದು ಸ್ಪ್ಯಾನರ್ ಗಾಡಿಯಲ್ಲಿರಲಿ.

ಮುಂದೇನು?

ಖಾಸಗಿ ಗಾಡಿಗೆ 15 ವರ್ಷ ತುಂಬಿದ ಮೇಲೆ ನೋಂದಣಿ ನವೀಕರಿಸಬೇಕು. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿಯೇ ರದ್ದಾಗುತ್ತಿದೆ. ಹಳೆಯ ಜೀಪು ಕಡಿಮೆಯಾದಂತೆ ಅದರ ವಿದ್ಯೆ ಬಲ್ಲ ಮಿಸ್ತ್ರಿಗಳೂ ಕಡಿಮೆಯಾಗುತ್ತಿದ್ದಾರೆ. ಕಿವಿಯಿಂದಲೇ ರೋಗ ಹಿಡಿಯುವ ಆ ಹಿರಿಯರ ಅನುಭವವನ್ನು ನಮ್ಮ ಹುಡುಗರು ಕೇಳಿ ಬರೆದಿಟ್ಟುಕೊಳ್ಳಬೇಕು. ಸಂಘದ ಲೆಕ್ಕಪುಸ್ತಕದಷ್ಟೇ ಅದೂ ಊರಿನ ಆಸ್ತಿ.

ಜೀಪುಳ್ಳ ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟೇ: ಮಿರಗ ಕೂಡುವ ಮುಂಚೆ ಎರಡೂ ಪೆಟ್ಟಿಗೆಯ ಆಯಿಲ್ ನೋಡಿಸ್ರಿ, ಸೀಲ್ ನೋಡಿಸ್ರಿ, ಫೋರ್‌ವೀಲ್ ಹಾಕಿ ತೆಗೆದು ನೋಡ್ರಿ. ನಡುರಾತ್ರಿ ನೆರೆಯವರು ಬಂದು ಬಾಗಿಲು ಬಡಿದಾಗ ಗಾಡಿ ಏರು ಹತ್ತಬೇಕು. ಒಬ್ಬರಿಗೊಬ್ಬರು ಆಸರೆಯಾಗುವುದೇ ಸಹಕಾರವಲ್ಲವೇ?