ಕಣ್ಣುರೆಪ್ಪೆಯ ಸೌಂದರ್ಯ ಶಸ್ತ್ರಚಿಕಿತ್ಸೆ

ಮೇಲಿನ ಅಥವಾ ಕೆಳಗಿನ ರೆಪ್ಪೆಯಲ್ಲಿ ಹೆಚ್ಚಾಗಿ ಜೋತುಬಿದ್ದ ಚರ್ಮವನ್ನು ತೆಗೆದು, ಉಬ್ಬಿದ ಕೊಬ್ಬನ್ನು ಕಡಿಮೆ ಮಾಡಿ ಅಥವಾ ಬೇರೆಡೆಗೆ ಸರಿಸಿ ಕಣ್ಣಿನ ಸುತ್ತಲಿನ ರೂಪವನ್ನು ತಿದ್ದುವ ಶಸ್ತ್ರಚಿಕಿತ್ಸೆ ಇದು. ವೈದ್ಯರು ಇದನ್ನು ಬ್ಲೆಫರೋಪ್ಲಾಸ್ಟಿ ಎನ್ನುತ್ತಾರೆ. ಸೌಂದರ್ಯ ಶಸ್ತ್ರವೈದ್ಯರ ಅಂತರರಾಷ್ಟ್ರೀಯ ಸಂಘವಾದ ಐಸ್ಯಾಪ್ಸ್‌ನ 2024ರ ಸಮೀಕ್ಷೆಯಲ್ಲಿ ಜಗತ್ತಿನಲ್ಲಿ ಅತಿ ಹೆಚ್ಚು ನಡೆದ ಸೌಂದರ್ಯ ಶಸ್ತ್ರಚಿಕಿತ್ಸೆ ಇದೇ. ಆ ವರ್ಷದ ಸಂಖ್ಯೆ 21 ಲಕ್ಷಕ್ಕೂ ಹೆಚ್ಚು. ಒಂದೆರಡು ಗಂಟೆಯಲ್ಲಿ ಮುಗಿದು ಅದೇ ದಿನ ಮನೆಗೆ ಹೋಗಬಹುದಾದ್ದರಿಂದ ಹಲವರು ಇದನ್ನು ಸಣ್ಣ ಕೆಲಸವೆಂದು ತಿಳಿಯುತ್ತಾರೆ. ಆದರೆ ಇಲ್ಲಿ ಕತ್ತರಿ ಬೀಳುವುದು ಕಣ್ಣನ್ನು ಕಾಯುವ ಅಂಗದ ಮೇಲೆ. ಸ್ವಲ್ಪ ಚರ್ಮ ಉಳಿದುಬಿಟ್ಟರೆ ಮತ್ತೊಮ್ಮೆ ತೆಗೆಯಬಹುದು. ಹೆಚ್ಚು ತೆಗೆದರೆ ಮರಳಿ ಕೂಡಿಸುವುದು ಕಷ್ಟ. ಹಾಗಾಗಿ ಎಷ್ಟು ತೆಗೆಯಬೇಕು ಎಂಬುದಕ್ಕಿಂತ ಎಷ್ಟು ಉಳಿಸಬೇಕು ಎಂಬುದೇ ಈ ಚಿಕಿತ್ಸೆಯ ಮುಖ್ಯ ಪ್ರಶ್ನೆ.

ರೆಪ್ಪೆಯ ರಚನೆ

ದೇಹದಲ್ಲೇ ಅತಿ ತೆಳುವಾದ ಚರ್ಮ ರೆಪ್ಪೆಯದು. ಅದರ ದಪ್ಪ 1 ಮಿಲಿಮೀಟರ್‌ಗಿಂತ ಕಡಿಮೆ. ಚರ್ಮದ ಕೆಳಗೆ ಕಣ್ಣು ಮುಚ್ಚುವ ವರ್ತುಲ ಸ್ನಾಯು, ಅದರ ಹಿಂದೆ ಕಣ್ಣುಗೂಡಿನ ಕೊಬ್ಬು ಮುಂದಕ್ಕೆ ಬರದಂತೆ ತಡೆಯುವ ತೆಳು ಪೊರೆ ಇರುತ್ತದೆ. ಮೇಲಿನ ರೆಪ್ಪೆಯಲ್ಲಿ ಕೊಬ್ಬಿನ ಎರಡು ಗಂಟುಗಳು, ಕೆಳಗಿನದರಲ್ಲಿ ಮೂರು. ಮೇಲ್ರೆಪ್ಪೆಯ ಹೊರಮೂಲೆಯಲ್ಲಿರುವುದು ಕೊಬ್ಬಲ್ಲ, ಕಣ್ಣೀರಿನ ಗ್ರಂಥಿ. ಅದು ಕೆಳಗೆ ಜಾರಿದಾಗ ಕೊಬ್ಬಿನಂತೆಯೇ ಕಾಣುತ್ತದೆ. ಕೊಬ್ಬೆಂದು ಅದನ್ನು ಕತ್ತರಿಸಿದರೆ ಕಣ್ಣು ಒಣಗುತ್ತದೆ. ಮೇಲ್ರೆಪ್ಪೆಯನ್ನು ಎತ್ತುವುದು ಲಿವೇಟರ್ ಎಂಬ ಸ್ನಾಯು. ರೆಪ್ಪೆಯ ಅಂಚಿನ ಮೈಬೋಮಿಯನ್ ಗ್ರಂಥಿಗಳು ಸ್ರವಿಸುವ ಎಣ್ಣೆ ಕಣ್ಣೀರು ಬೇಗ ಆರಿಹೋಗದಂತೆ ಕಾಪಾಡುತ್ತದೆ. ರೆಪ್ಪೆ ಬಡಿದಾಗಲೆಲ್ಲ ಕಣ್ಣೀರಿನ ತೆಳು ಪದರವೊಂದು ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯಾದ ಮೇಲೆ ಹರಡುತ್ತದೆ. ರೆಪ್ಪೆ ಪೂರ್ತಿ ಮುಚ್ಚದಿದ್ದರೆ ಈ ಪದರ ಒಡೆದು ಕಾರ್ನಿಯಾ ಒಣಗುತ್ತದೆ, ಹುಣ್ಣಾಗುತ್ತದೆ, ಕೊನೆಗೆ ದೃಷ್ಟಿಯೂ ಮಂಕಾಗಬಹುದು.

ವಯಸ್ಸಾದಂತೆ ಚರ್ಮದ ಬಿಗಿ ಹೋಗುತ್ತದೆ, ಒಳಗಿನ ಪೊರೆ ಸಡಿಲವಾಗಿ ಕೊಬ್ಬು ಮುಂದಕ್ಕೆ ಉಬ್ಬುತ್ತದೆ, ಹುಬ್ಬು ಕೆಳಗಿಳಿಯುತ್ತದೆ. ಬಿಸಿಲು, ಧೂಮಪಾನ, ಕಣ್ಣುಜ್ಜುವ ಅಭ್ಯಾಸ ಇದನ್ನು ಬೇಗ ತರುತ್ತವೆ. ಕೆಲವು ಮನೆತನಗಳಲ್ಲಿ ಕಣ್ಣಿನ ಕೆಳಗಿನ ಚೀಲ ಮೂವತ್ತರ ವಯಸ್ಸಿಗೇ ಕಾಣಿಸಿಕೊಳ್ಳುತ್ತದೆ.

ಇತಿಹಾಸ

ರೆಪ್ಪೆಯ ಚರ್ಮ ಕತ್ತರಿಸಿ ಹೊಲಿಯುವ ವಿದ್ಯೆ ಭಾರತದಲ್ಲಿ ಬಹಳ ಹಳೆಯದು. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಪಕ್ಷ್ಮಕೋಪದ ಚಿಕಿತ್ಸೆ ಬರುತ್ತದೆ. ರೆಪ್ಪೆಗೂದಲು ಒಳಕ್ಕೆ ತಿರುಗಿ ಕಣ್ಣನ್ನು ಚುಚ್ಚುವ ರೋಗ ಅದು. ಹುಬ್ಬಿಗೂ ರೆಪ್ಪೆಯಂಚಿಗೂ ನಡುವೆ ಜವೆಕಾಳಿನ ಆಕಾರದಲ್ಲಿ ಚರ್ಮ ತೆಗೆದು ಕೂದಲಿನಿಂದ ಹೊಲಿಯಬೇಕೆಂದು ಗ್ರಂಥ ಹೇಳುತ್ತದೆ. ಅಲ್ಲಿನ ಗುರಿ ಕಣ್ಣನ್ನು ಉಳಿಸುವುದು. ಕ್ರಿ.ಶ. ಒಂದನೇ ಶತಮಾನದ ರೋಮನ್ ಲೇಖಕ ಸೆಲ್ಸಸ್ ಸಡಿಲಗೊಂಡ ರೆಪ್ಪೆಯ ಚರ್ಮ ತೆಗೆಯುವ ಕ್ರಮವನ್ನು ವಿವರಿಸಿದ್ದಾನೆ. ಬ್ಲೆಫರೋಪ್ಲಾಸ್ಟಿ ಎಂಬ ಹೆಸರನ್ನು 1818ರಲ್ಲಿ ಬಳಕೆಗೆ ತಂದವನು ಜರ್ಮನಿಯ ಕಾರ್ಲ್ ಫರ್ಡಿನಾಂಡ್ ಫಾನ್ ಗ್ರಾಫೆ. ಅವನ ಕೆಲಸ ಕ್ಯಾನ್ಸರ್ ತೆಗೆದ ಜಾಗದಲ್ಲಿ ರೆಪ್ಪೆಯನ್ನು ಮತ್ತೆ ಕಟ್ಟುವುದಾಗಿತ್ತು.

ರೂಪಕ್ಕಾಗಿ ಮಾಡುವ ರೆಪ್ಪೆ ಶಸ್ತ್ರಚಿಕಿತ್ಸೆ ಬೆಳೆದದ್ದು 20ನೇ ಶತಮಾನದಲ್ಲಿ. 1924ರಲ್ಲಿ ಫ್ರಾನ್ಸಿನ ಬೂರ್ಗೆ ಕೆಳರೆಪ್ಪೆಯ ಒಳಬದಿಯಿಂದ ಕೊಬ್ಬು ತೆಗೆಯುವ ದಾರಿ ತೋರಿಸಿದ. 1951ರಲ್ಲಿ ಶಸ್ತ್ರವೈದ್ಯ ಕಸ್ತಾನ್ಯಾರೆಸ್ ಕೊಬ್ಬಿನ ಗಂಟುಗಳನ್ನು ವಿವರವಾಗಿ ಗುರುತಿಸಿದ. ಪೂರ್ವ ಏಷ್ಯಾದಲ್ಲಿ ಜನಪ್ರಿಯವಾಗಿರುವ, ಮೇಲ್ರೆಪ್ಪೆಯಲ್ಲಿ ಮಡಿಕೆ ಮೂಡಿಸುವ ಶಸ್ತ್ರಚಿಕಿತ್ಸೆಯ ಉದ್ದೇಶ ಬೇರೆ. ಜಪಾನಿನ ಮಿಕಾಮೊ 1896ರಲ್ಲೇ ಅದನ್ನು ವರದಿ ಮಾಡಿದ್ದ.

ಒಂದೇ ಬಗೆಯಾಗಿ ಕಾಣುವ ಬೇರೆ ಬೇರೆ ತೊಂದರೆಗಳು

“ಕಣ್ಣು ಸೋತಂತೆ ಕಾಣುತ್ತದೆ” ಎಂದು ಬರುವವರಲ್ಲಿ ಕಾರಣ ಒಂದೇ ಆಗಿರುವುದಿಲ್ಲ. ಕಾರಣ ತಪ್ಪಿದರೆ ಚಿಕಿತ್ಸೆಯೂ ತಪ್ಪುತ್ತದೆ.

ಮೇಲ್ರೆಪ್ಪೆಯ ಚರ್ಮ ಹೆಚ್ಚಾಗಿ ಮಡಿಕೆ ರೆಪ್ಪೆಗೂದಲಿನ ಮೇಲೆ ಬಿದ್ದಿದ್ದರೆ ಬ್ಲೆಫರೋಪ್ಲಾಸ್ಟಿ ಸರಿಯಾದ ಉತ್ತರ. ಮಡಿಕೆ ತೀರ ಕೆಳಗಿಳಿದಾಗ ಮೇಲಿನ ಮತ್ತು ಬದಿಯ ನೋಟ ಮರೆಯಾಗುತ್ತದೆ; ಆಗ ಇದು ದೃಷ್ಟಿಗಾಗಿ ಮಾಡುವ ಚಿಕಿತ್ಸೆಯೂ ಆಗುತ್ತದೆ. ರೆಪ್ಪೆಯ ಅಂಚೇ ಕೆಳಗಿಳಿದು ಕಣ್ಣಿನ ಪಾಪೆಯನ್ನು ಮುಚ್ಚುತ್ತಿದ್ದರೆ ಅದು ಟೋಸಿಸ್. ಅಲ್ಲಿ ಸರಿಪಡಿಸಬೇಕಾದದ್ದು ಲಿವೇಟರ್ ಸ್ನಾಯು. ಚರ್ಮ ತೆಗೆದರೆ ರೆಪ್ಪೆ ಮೇಲೇಳುವುದಿಲ್ಲ. ಬೆಳಿಗ್ಗೆ ಸರಿಯಿದ್ದು ಸಂಜೆಯಾಗುತ್ತ ರೆಪ್ಪೆ ಜೋಲುವುದು, ವಸ್ತುಗಳು ಎರಡೆರಡಾಗಿ ಕಾಣುವುದು ಮಯಸ್ತೇನಿಯಾ ಗ್ರೇವಿಸ್ ಎಂಬ ನರಸ್ನಾಯು ರೋಗದ ಲಕ್ಷಣವಿರಬಹುದು. ಒಂದು ಕಡೆಯ ರೆಪ್ಪೆ ಇದ್ದಕ್ಕಿದ್ದಂತೆ ಇಳಿದರೆ, ಅದರಲ್ಲೂ ತಲೆನೋವು ಜೊತೆಗಿದ್ದರೆ, ಸೌಂದರ್ಯ ಚಿಕಿತ್ಸಾಲಯದ ಬದಲು ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಹುಬ್ಬು ಇಳಿದದ್ದೇ ಕಾರಣವಾಗಿರುವವರಲ್ಲಿ ರೆಪ್ಪೆಯ ಚರ್ಮ ಕತ್ತರಿಸಿದರೆ ಹುಬ್ಬು ಇನ್ನಷ್ಟು ಕೆಳಗೆ ಬರಬಹುದು. ಥೈರಾಯ್ಡ್ ತೊಂದರೆಯಿಂದಲೂ ಕಣ್ಣು ಉಬ್ಬಿ ರೆಪ್ಪೆ ಊದಿಕೊಳ್ಳುತ್ತದೆ. ರೋಗ ಹತೋಟಿಗೆ ಬಂದು ಕೆಲವು ತಿಂಗಳು ಸ್ಥಿರವಾಗಿ ನಿಂತ ಮೇಲೆಯೇ ಶಸ್ತ್ರಚಿಕಿತ್ಸೆಯ ಮಾತು.

ಕಣ್ಣಿನ ಕೆಳಗಿನ ಕಪ್ಪು ವರ್ತುಲ ನಮ್ಮಲ್ಲಿ ಅತಿ ಸಾಮಾನ್ಯವಾದ ದೂರು. ಉಬ್ಬಿದ ಕೊಬ್ಬಿನ ನೆರಳು ಕಪ್ಪಾಗಿ ಕಾಣುತ್ತಿದ್ದರೆ ಶಸ್ತ್ರಚಿಕಿತ್ಸೆಯಿಂದ ಅದು ಕಡಿಮೆಯಾಗುತ್ತದೆ. ಚರ್ಮದ ಬಣ್ಣವೇ ಗಾಢವಾಗಿದ್ದರೆ ಆಗುವುದಿಲ್ಲ. ಚರ್ಮವನ್ನು ಮೆಲ್ಲಗೆ ಎಳೆದು, ಬೆಳಕಿನ ದಿಕ್ಕು ಬದಲಿಸಿ ನೋಡಿ ವೈದ್ಯರು ಈ ಎರಡನ್ನೂ ಬೇರ್ಪಡಿಸುತ್ತಾರೆ. ಕೆನ್ನೆಯ ಮೂಳೆಯ ಮೇಲಿನ ಊತವೂ ಕೆಳರೆಪ್ಪೆಯ ಚಿಕಿತ್ಸೆಗೆ ಬಗ್ಗುವುದಿಲ್ಲ.

ಶಸ್ತ್ರಚಿಕಿತ್ಸೆಗೆ ಮುಂಚಿನ ತಪಾಸಣೆ

ಒಳ್ಳೆಯ ತಪಾಸಣೆ ಕಣ್ಣಿನಿಂದ ಆರಂಭವಾಗುತ್ತದೆ. ದೃಷ್ಟಿ ಎಷ್ಟಿದೆ, ರೆಪ್ಪೆ ಪೂರ್ತಿ ಮುಚ್ಚುತ್ತದೆಯೇ, ಮುಚ್ಚಿದಾಗ ಕಣ್ಣುಗುಡ್ಡೆ ಮೇಲಕ್ಕೆ ಹೊರಳುತ್ತದೆಯೇ ಎಂದು ನೋಡುತ್ತಾರೆ. ಕಣ್ಣೀರು ಸಾಕಷ್ಟಿದೆಯೇ ಎಂದು ತಿಳಿಯಲು ಶಿರ್ಮರ್ ಪರೀಕ್ಷೆ ಇದೆ: ಕಾಗದದ ಸಣ್ಣ ಪಟ್ಟಿಯನ್ನು ಕೆಳರೆಪ್ಪೆಗೆ ಸಿಕ್ಕಿಸಿ 5 ನಿಮಿಷದಲ್ಲಿ ಎಷ್ಟು ಒದ್ದೆಯಾಯಿತೆಂದು ಅಳೆಯುತ್ತಾರೆ. 5 ಮಿಲಿಮೀಟರ್‌ಗಿಂತ ಕಡಿಮೆ ಬಂದರೆ ಕಣ್ಣು ತೀರ ಒಣಗಿದೆ ಎಂದರ್ಥ. ಅಂಥವರಿಗೆ ಈ ಚಿಕಿತ್ಸೆ ಬೇಡವೆನ್ನಬೇಕಾಗಬಹುದು, ಇಲ್ಲವೇ ಚರ್ಮ ತೆಗೆಯುವಲ್ಲಿ ತುಂಬ ಹಿಡಿತವಿರಬೇಕು. ಕೆಳರೆಪ್ಪೆಯನ್ನು ಕೆಳಕ್ಕೆಳೆದು ಬಿಟ್ಟಾಗ ತಟ್ಟನೆ ತನ್ನ ಜಾಗಕ್ಕೆ ಮರಳದಿದ್ದರೆ ಅದು ಸಡಿಲವಾಗಿದೆ. ಹೊರಮೂಲೆಯನ್ನು ಬಿಗಿಗೊಳಿಸದೆ ಅಲ್ಲಿ ಚರ್ಮ ತೆಗೆಯಬಾರದು.

ರೋಗಿ ಮುಚ್ಚಿಡದೆ ಹೇಳಬೇಕಾದ ಸಂಗತಿಗಳಿವೆ: ಬಿಪಿ, ಶುಗರ್, ಥೈರಾಯ್ಡ್, ಗ್ಲಾಕೋಮ, ಹಿಂದೆ ಆದ ಮುಖದ ಪಾರ್ಶ್ವವಾಯು, ಗಾಯ ಉಬ್ಬಿ ಗಂಟಾಗುವ ಗುಣ, ಧೂಮಪಾನ. ದೃಷ್ಟಿದೋಷ ತಿದ್ದುವ ಲೇಸರ್ ಚಿಕಿತ್ಸೆಯಾದ ಲ್ಯಾಸಿಕ್ ಮಾಡಿಸಿಕೊಂಡವರ ಕಣ್ಣು ತಿಂಗಳುಗಟ್ಟಲೆ ಒಣಗಿರಬಹುದು, ಅದು ಸರಿಹೋಗುವವರೆಗೆ ಕಾಯಬೇಕು. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್‌ನಂತಹ ರಕ್ತ ತೆಳುಮಾಡುವ ಮಾತ್ರೆಗಳು, ವಿಟಮಿನ್ ಇ, ಮೀನೆಣ್ಣೆ, ಬೆಳ್ಳುಳ್ಳಿ ಕ್ಯಾಪ್ಸೂಲ್‌ಗಳು ರಕ್ತಸ್ರಾವ ಹೆಚ್ಚಿಸಬಲ್ಲವು. ಆದರೆ ಹೃದಯಕ್ಕಾಗಿ ಕೊಟ್ಟ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಆ ನಿರ್ಧಾರ ಹೃದ್ರೋಗ ತಜ್ಞರದು.

ಮನಸ್ಸಿನ ಸಿದ್ಧತೆಯೂ ತಪಾಸಣೆಯ ಭಾಗ. ಬೇರೆಯವರ ಕಣ್ಣಿಗೆ ಕಾಣದ ದೋಷವನ್ನೇ ದಿನವಿಡೀ ಕನ್ನಡಿಯಲ್ಲಿ ಹುಡುಕುವವರಿಗೆ, ಸಂಬಂಧಿಕರ ಚುಚ್ಚುಮಾತಿಗೆ ಬೇಸತ್ತು ಬಂದವರಿಗೆ ಶಸ್ತ್ರಚಿಕಿತ್ಸೆಯಿಂದ ನೆಮ್ಮದಿ ಸಿಗುವುದು ಅಪರೂಪ. ಅಂಥವರನ್ನು ಕೂರಿಸಿ ಮಾತಾಡಿಸಿ, ಸದ್ಯಕ್ಕೆ ಬೇಡವೆನ್ನುವ ವೈದ್ಯರು ಅವರ ಒಳಿತನ್ನೇ ನೋಡುತ್ತಿದ್ದಾರೆ.

ವಿಧಾನ

ಮೇಲ್ರೆಪ್ಪೆಯ ಚಿಕಿತ್ಸೆಯನ್ನು ಸಾಮಾನ್ಯವಾಗಿ ಆ ಜಾಗಕ್ಕಷ್ಟೇ ಅರಿವಳಿಕೆ ಚುಚ್ಚಿ ಮಾಡುತ್ತಾರೆ. ಮಲಗಿದಾಗ ಹುಬ್ಬು ಮೇಲಕ್ಕೆ ಸರಿಯುವುದರಿಂದ, ತೆಗೆಯಬೇಕಾದ ಚರ್ಮವನ್ನು ರೋಗಿ ಕೂತಿರುವಾಗಲೇ ಗುರುತು ಹಾಕಬೇಕು. ಹುಬ್ಬಿನಿಂದ ರೆಪ್ಪೆಯಂಚಿನವರೆಗೆ ಸುಮಾರು 20 ಮಿಲಿಮೀಟರ್ ಚರ್ಮ ಉಳಿದರೆ ಕಣ್ಣು ಸರಾಗವಾಗಿ ಮುಚ್ಚುತ್ತದೆ ಎಂಬುದು ಶಸ್ತ್ರವೈದ್ಯರು ಪಾಲಿಸುವ ಲೆಕ್ಕ. ಹೊಲಿಗೆ ರೆಪ್ಪೆಯ ಸಹಜ ಮಡಿಕೆಯಲ್ಲೇ ಬರುವುದರಿಂದ ಗಾಯದ ಗುರುತು ಕಾಲಕ್ರಮೇಣ ಅಲ್ಲಿ ಅಡಗುತ್ತದೆ.

ಕೆಳರೆಪ್ಪೆಗೆ ಎರಡು ದಾರಿಗಳಿವೆ. ರೆಪ್ಪೆಗೂದಲಿನ ಕೆಳಗೆ ಹೊರಗಿನಿಂದ ಕತ್ತರಿಸುವುದು ಒಂದು; ಚರ್ಮವೂ ಹೆಚ್ಚಾಗಿರುವವರಿಗೆ ಇದು ಒಗ್ಗುತ್ತದೆ, ಆದರೆ ರೆಪ್ಪೆ ಕೆಳಕ್ಕೆ ಜಗ್ಗುವ ಅಪಾಯ ಇಲ್ಲಿ ಹೆಚ್ಚು. ರೆಪ್ಪೆಯ ಒಳಪೊರೆಯಿಂದ ಕೊಬ್ಬನ್ನು ತಲುಪುವುದು ಇನ್ನೊಂದು. ಹೊರಗೆ ಗುರುತೇ ಉಳಿಯುವುದಿಲ್ಲ. ಹಿಂದೆ ಕೊಬ್ಬನ್ನು ಧಾರಾಳವಾಗಿ ತೆಗೆದವರ ಕಣ್ಣುಗಳು ಕೆಲ ವರ್ಷಗಳಲ್ಲಿ ಗುಳಿಬಿದ್ದು ಇನ್ನಷ್ಟು ವಯಸ್ಸಾದಂತೆ ಕಂಡವು. ಆ ಅನುಭವದಿಂದ ಈಗ ಹಲವರು ಕೊಬ್ಬನ್ನು ಉಳಿಸಿಕೊಂಡು ಕೆಳಗಿನ ತಗ್ಗಿಗೆ ಹರಡುತ್ತಾರೆ.

ಚೇತರಿಕೆ

ಮೊದಲ ಎರಡು ದಿನ ತಂಪು ಪಟ್ಟಿ, ತಲೆ ಎತ್ತರಿಸಿ ಮಲಗುವುದು, ಮುಲಾಮು ಮತ್ತು ಕಣ್ಣಿನ ಹನಿ ಮುಖ್ಯ. ಹೊಲಿಗೆಯನ್ನು ಸುಮಾರು 5ರಿಂದ 7 ದಿನಕ್ಕೆ ಬಿಚ್ಚುತ್ತಾರೆ. ಕಂದಿದ ಬಣ್ಣ, ಊತ ಇಳಿಯಲು ಒಂದೆರಡು ವಾರ ಬೇಕು. ಅಷ್ಟು ದಿನ ಭಾರ ಎತ್ತುವುದು, ಬಗ್ಗಿ ಕೆಲಸ ಮಾಡುವುದು, ಕಾಂಟ್ಯಾಕ್ಟ್ ಲೆನ್ಸ್, ಕಾಡಿಗೆ ಬೇಡ. ಗಾಯದ ಗೆರೆ ಮಾಸಲು ತಿಂಗಳುಗಳೇ ಹಿಡಿಯುತ್ತವೆ. ಆದ್ದರಿಂದ ಮನೆಯಲ್ಲಿ ಮದುವೆ ಇದ್ದರೆ ಕೆಲವು ತಿಂಗಳು ಮುಂಚೆಯೇ ಮಾಡಿಸಿಕೊಳ್ಳಬೇಕು ಅಥವಾ ಸಮಾರಂಭ ಮುಗಿಯಲೆಂದು ಕಾಯಬೇಕು. ಮೇಲ್ರೆಪ್ಪೆಯ ಫಲ ಹಲವು ವರ್ಷ ನಿಲ್ಲುತ್ತದೆ. ಆದರೆ ವಯಸ್ಸು ತನ್ನ ಕೆಲಸವನ್ನು ನಿಲ್ಲಿಸುವುದಿಲ್ಲ, ಚರ್ಮ ಮತ್ತೆ ಸಡಿಲವಾಗುತ್ತದೆ.

ಅಪಾಯಗಳು

ಅತ್ಯಂತ ಗಂಭೀರವಾದದ್ದು ಕಣ್ಣುಗುಡ್ಡೆಯ ಹಿಂದೆ ರಕ್ತ ಕೂಡುವುದು. ಸುಮಾರು 2,000 ಮಂದಿಯಲ್ಲಿ ಒಬ್ಬರಿಗೆ ಹೀಗಾಗುತ್ತದೆ, 10,000ದಲ್ಲಿ ಒಬ್ಬರಿಗೆ ದೃಷ್ಟಿ ಶಾಶ್ವತವಾಗಿ ಹೋಗುತ್ತದೆ ಎಂಬುದು ವೈದ್ಯಕೀಯ ಸಾಹಿತ್ಯದ ಅಂದಾಜು. ಹೆಚ್ಚಾಗಿ ಈ ರಕ್ತಸ್ರಾವ ಮೊದಲ 24 ಗಂಟೆಯೊಳಗೆ ಕಾಣಿಸಿಕೊಳ್ಳುತ್ತದೆ. ಒಂದೇ ಕಣ್ಣಿನಲ್ಲಿ ಹೆಚ್ಚುತ್ತಲೇ ಹೋಗುವ ನೋವು, ಕಣ್ಣು ಮುಂದಕ್ಕೆ ತಳ್ಳಿದಂತಾಗುವುದು, ನೋಟ ಮಂಜಾಗುವುದು ಇದರ ಲಕ್ಷಣಗಳು. ಆಗ ಬೆಳಗಾಗಲೆಂದು ಕಾಯಬಾರದು. ಹೊಲಿಗೆ ಬಿಚ್ಚಿ ಒತ್ತಡ ಇಳಿಸಿದರೆ ದೃಷ್ಟಿ ಉಳಿಯಬಹುದು, ತಡವಾದಷ್ಟೂ ಆ ಅವಕಾಶ ಕಡಿಮೆಯಾಗುತ್ತದೆ. ಆದ್ದರಿಂದ ಮೊದಲ ರಾತ್ರಿ ಜೊತೆಗೊಬ್ಬರಿರಬೇಕು, ವೈದ್ಯರ ತುರ್ತು ಸಂಖ್ಯೆ ಕೈಯಲ್ಲಿರಬೇಕು.

ಹೆಚ್ಚು ಜನರಿಗೆ ಆಗುವ ತೊಂದರೆಗಳು ಇಷ್ಟು ಭೀಕರವಲ್ಲ: ಕಣ್ಣು ಒಣಗುವುದು, ಕೆಲ ವಾರ ರೆಪ್ಪೆ ಪೂರ್ತಿ ಮುಚ್ಚದಿರುವುದು, ಎರಡು ಕಣ್ಣುಗಳ ನಡುವೆ ವ್ಯತ್ಯಾಸ, ಸೋಂಕು. ಕೆಳರೆಪ್ಪೆ ಹೊರಕ್ಕೆ ಮಗುಚಿಕೊಂಡರೆ ಮತ್ತೊಂದು ಶಸ್ತ್ರಚಿಕಿತ್ಸೆ ಬೇಕಾಗಬಹುದು.

ಬೇರೆ ದಾರಿಗಳು

ಬೊಟಾಕ್ಸ್ ಚುಚ್ಚಿ ಹುಬ್ಬಿನ ಹೊರತುದಿಯನ್ನು ಸ್ವಲ್ಪ ಎತ್ತಬಹುದು. ಫಲ ಮೂರು ನಾಲ್ಕು ತಿಂಗಳದ್ದು. ಕಣ್ಣಿನ ಕೆಳಗಿನ ತಗ್ಗಿಗೆ ಫಿಲ್ಲರ್ ತುಂಬಿಸುತ್ತಾರೆ. ಅದು ಆಕಸ್ಮಿಕವಾಗಿ ರಕ್ತನಾಳಕ್ಕೆ ಸೇರಿದರೆ ಕುರುಡುತನ ಬರುವ ಅಪಾಯ ಅಪರೂಪವಾದರೂ ಇದೆ. ಆದ್ದರಿಂದ ಬ್ಯೂಟಿ ಪಾರ್ಲರ್‌ಗಳಲ್ಲಿ ಇದನ್ನು ಚುಚ್ಚಿಸಿಕೊಳ್ಳಬಾರದು. ಲೇಸರ್‌ನಿಂದ ಸುಕ್ಕು ಕಡಿಮೆಯಾಗುತ್ತದೆ, ಆದರೆ ಕಂದು ಮೈಬಣ್ಣದವರಲ್ಲಿ ಆ ಜಾಗ ಇನ್ನಷ್ಟು ಕಪ್ಪಾಗಬಹುದು. ಕ್ರೀಮುಗಳು ಉಬ್ಬಿದ ಕೊಬ್ಬನ್ನು ಕರಗಿಸಲಾರವು.

ವೈದ್ಯರ ಆಯ್ಕೆ, ಖರ್ಚು ಮತ್ತು ಕಾನೂನು

ಭಾರತದಲ್ಲಿ ಈ ಚಿಕಿತ್ಸೆಗೆ ತಕ್ಕ ತರಬೇತಿ ಇರುವವರು ಮುಖ್ಯವಾಗಿ ಎರಡು ಬಗೆಯವರು: ರೆಪ್ಪೆ ಮತ್ತು ಕಣ್ಣಿನ ಸುತ್ತಲಿನ ಭಾಗದ ಶಸ್ತ್ರಚಿಕಿತ್ಸೆಯಾದ ಆಕ್ಯುಲೋಪ್ಲಾಸ್ಟಿಯಲ್ಲಿ ಪರಿಣತಿ ಪಡೆದ ನೇತ್ರತಜ್ಞರು ಮತ್ತು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿ.ಎನ್.ಬಿ. ಪದವಿ ಇರುವವರು. ಒಣಗಣ್ಣು, ಟೋಸಿಸ್, ಗ್ಲಾಕೋಮ ಇದ್ದವರು ಯಾರ ಬಳಿ ಮಾಡಿಸಿಕೊಂಡರೂ ನೇತ್ರತಜ್ಞರ ಅಭಿಪ್ರಾಯ ಪಡೆಯಲೇಬೇಕು. ವೈದ್ಯರ ನೋಂದಣಿಯನ್ನು ರಾಜ್ಯ ವೈದ್ಯಕೀಯ ಪರಿಷತ್ತಿನ ದಾಖಲೆಯಲ್ಲಿ ಪರಿಶೀಲಿಸಬಹುದು. ಕರ್ನಾಟಕದಲ್ಲಿ ಖಾಸಗಿ ಚಿಕಿತ್ಸಾಲಯಗಳು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಾಯಿಸಿಕೊಂಡಿರಬೇಕು. ನೋಂದಣಿ ಪತ್ರ ಕೇಳಿ ನೋಡುವುದರಲ್ಲಿ ಸಂಕೋಚ ಬೇಡ.

ಸೌಂದರ್ಯಕ್ಕಾಗಿ ಮಾಡಿಸುವ ಚಿಕಿತ್ಸೆಯ ಖರ್ಚನ್ನು ಆರೋಗ್ಯ ವಿಮೆ ಸಾಮಾನ್ಯವಾಗಿ ಕೊಡುವುದಿಲ್ಲ. ಜೋತ ರೆಪ್ಪೆ ನೋಟಕ್ಕೆ ಅಡ್ಡಬರುತ್ತಿದ್ದರೆ ದೃಷ್ಟಿಕ್ಷೇತ್ರ ಪರೀಕ್ಷೆಯ ವರದಿ ಮತ್ತು ಫೋಟೋಗಳೊಂದಿಗೆ ವಿಮೆಯವರನ್ನು ಮೊದಲೇ ವಿಚಾರಿಸಬೇಕು. ವೈದ್ಯಕೀಯ ಸೇವೆಗಳಿಗಿರುವ ಜಿಎಸ್‌ಟಿ ವಿನಾಯಿತಿ ಸೌಂದರ್ಯ ಶಸ್ತ್ರಚಿಕಿತ್ಸೆಗೆ ಅನ್ವಯಿಸುವುದಿಲ್ಲ; ಹುಟ್ಟು ದೋಷ, ಬೆಳವಣಿಗೆಯ ದೋಷ ಅಥವಾ ಗಾಯದಿಂದ ಕೆಟ್ಟದ್ದನ್ನು ಸರಿಪಡಿಸುವಾಗ ಮಾತ್ರ ಆ ವಿನಾಯಿತಿ ಇದೆ.

ಒಪ್ಪಿಗೆ ಪತ್ರವನ್ನು ಮನೆಗೆ ಒಯ್ದು, ತಿಳಿಯುವ ಭಾಷೆಯಲ್ಲಿ ಓದಿಸಿಕೊಂಡು ಸಹಿ ಹಾಕಬೇಕು. ಒಂದು ಚಿಕಿತ್ಸೆಗೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಸಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2008ರ ತೀರ್ಪೊಂದರಲ್ಲಿ ಸ್ಪಷ್ಟಪಡಿಸಿದೆ. ಸಹಿಗೆ ಮುನ್ನ ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ: ನನ್ನ ತೊಂದರೆಗೆ ನಿಜವಾದ ಕಾರಣವೇನು, ನನ್ನ ಕಣ್ಣೀರು ಸಾಕಷ್ಟಿದೆಯೇ, ಎಷ್ಟು ಚರ್ಮ ಉಳಿಸುತ್ತೀರಿ, ರಾತ್ರಿ ತೊಂದರೆಯಾದರೆ ಯಾರು ನೋಡುತ್ತಾರೆ, ಏನೂ ಮಾಡಿಸದಿದ್ದರೆ ಏನಾಗುತ್ತದೆ. ರೂಪಕ್ಕಾಗಿ ಮಾಡುವ ಈ ಚಿಕಿತ್ಸೆಗೆ ಅವಸರ ಎಂಬುದಿಲ್ಲ. ಈ ಪ್ರಶ್ನೆಗಳಿಗೆ ನೇರ ಉತ್ತರ ಸಿಗುವವರೆಗೆ ಕಾಯಬಹುದು, ಇನ್ನೊಬ್ಬ ತಜ್ಞರನ್ನು ಕಾಣಬಹುದು, ಕೊನೆಗೆ ಬೇಡವೆಂದೂ ನಿರ್ಧರಿಸಬಹುದು.