ಕ್ಯಾಂಪ್ ಅಂದರೆ ಯಾವ ಕ್ಯಾಂಪ್?

ನಿಟ್ಟೂರು, ನಗರ, ಯಡೂರು ಕಡೆಯ ಹಿರಿಯರ ಬಾಯಲ್ಲಿ 'ಕ್ಯಾಂಪ್' ಅಂದರೆ ಡ್ಯಾಮಿನ ಕೆಲಸಕ್ಕೆ ಬಂದವರ ಬಿಡಾರ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಅದನ್ನು ಕಟ್ಟಿದವರಲ್ಲಿ ತಮಿಳರು, ಮಲಯಾಳಿಗಳು ಬಹಳ ಮಂದಿ ಇದ್ದರು. ಕೆಲವರು ಊರಿಗೆ ಹೋಗಲೇ ಇಲ್ಲ, ಕಾರ್ಗಲ್ಲಿನಲ್ಲೇ ಉಳಿದರು. ಆಮೇಲೆ ವಾರಾಹಿ ಯೋಜನೆಗೆ ಮಾಸ್ತಿಕಟ್ಟೆ ಕಾಲೊನಿ ಎದ್ದಿತು. 1,819 ಅಡಿ ಅಂದರೆ ಏನೆಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಆದರೆ ಆ ಕಲ್ಲು ಹೊತ್ತವರು ಯಾವ ಜೋಪಡಿಯಲ್ಲಿ ಮಲಗಿದ್ದರು ಎಂದು ಯಾರೂ ಕೇಳುವುದಿಲ್ಲ. ಮುಳುಗಿದ ಊರುಗಳ ಕಥೆಯನ್ನಾದರೂ ನಾವು ಆಗಾಗ ಬರೆಯುತ್ತೇವೆ, ಇವರದ್ದು ಅದೂ ಇಲ್ಲ.

ಇದೇ ಮಾತಿಗೆ ಸಿಂಧನೂರು, ಗಂಗಾವತಿ ಕಡೆ ಅರ್ಥ ಬೇರೆ. ಅಲ್ಲಿ ಕ್ಯಾಂಪ್ ಅಂದರೆ ತುಂಗಭದ್ರಾ ನೀರು ಹುಡುಕಿ ಬಂದ ಆಂಧ್ರದ ರೈತರು ಕಟ್ಟಿಕೊಂಡ ಊರು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರ ಊರುಗಳಿಗೂ ಅದೇ ಹೆಸರು.

ಹೊರಜಗತ್ತಿನಲ್ಲಿ 'ಲೇಬರ್ ಕ್ಯಾಂಪ್' ಎಂದರೆ ಮೈ ಜುಮ್ಮೆನ್ನುತ್ತದೆ. ಸೋವಿಯತ್ ರಷ್ಯಾದ ಗುಲಾಗ್ ಶಿಬಿರಗಳು ಸೆರೆಯಾಳುಗಳನ್ನು ಹಿಮದಲ್ಲಿ ದುಡಿಸಿದವು. ನಾಜಿಗಳ ಆಶ್‌ವಿಟ್ಜ್ ಶಿಬಿರದ ಬಾಗಿಲ ಮೇಲೆ 'ದುಡಿಮೆ ಬಿಡುಗಡೆ ಕೊಡುತ್ತದೆ' ಎಂದು ಬರೆದಿತ್ತು. ಒಳಗೆ ಹೋದವರಲ್ಲಿ ಬಹುಪಾಲು ಜನ ಹೊರಗೆ ಬರಲಿಲ್ಲ.

ನಮ್ಮ ಡ್ಯಾಮಿನ ಬಿಡಾರವನ್ನು ಅದರ ಜೊತೆ ಹೋಲಿಸುವುದು ತಪ್ಪು. ಇಲ್ಲಿ ಕೂಲಿ ಇತ್ತು, ಬಿಟ್ಟು ಹೋಗಲು ದಾರಿಯೂ ಇತ್ತು. ಹಾಗಂತ ಬೇಲಿ ಇಲ್ಲದ ಕಡೆಯೆಲ್ಲ ಬಿಡುಗಡೆ ಇದೆ ಎಂದೂ ಅಲ್ಲ. ಹಳೆಯ ಬಿಟ್ಟಿ ಕೆಲಸಕ್ಕೆ ಬೇಲಿ ಬೇಕಿರಲಿಲ್ಲ, ಅಧಿಕಾರಿಯ ಮಾತು ಸಾಕಿತ್ತು. ಜೀತಕ್ಕೆ ಸಾಲವೇ ಬೇಲಿ. 1976ರ ಜೀತ ಪದ್ಧತಿ ರದ್ದು ಕಾಯ್ದೆ ಹಿಡಿದದ್ದು ಇದನ್ನೇ: ಮುಂಗಡ ತೀರುವ ತನಕ ಹೋಗಬೇಡ ಎಂದರೆ ಅದು ಜೀತ.

2020ರ ಮೇ ತಿಂಗಳು ನೆನಪಿದೆಯೇ? ಲಾಕ್‌ಡೌನಿನಲ್ಲಿ ಬೆಂಗಳೂರಿನ ಶೆಡ್ಡುಗಳಲ್ಲಿದ್ದ ವಲಸೆ ಕಾರ್ಮಿಕರು ಊರಿಗೆ ಹೊರಟಿದ್ದರು. ಬಿಲ್ಡರ್‌ಗಳ ಜೊತೆ ಸಭೆ ನಡೆದ ಬೆನ್ನಲ್ಲೇ ಸರ್ಕಾರ ಅವರ ರೈಲುಗಳನ್ನು ರದ್ದು ಮಾಡಿಸಿತು. ದೇಶವೆಲ್ಲ ಬೈದ ಮೇಲೆ, ಕೆಲವೇ ದಿನಗಳಲ್ಲಿ, ಮತ್ತೆ ಬಿಟ್ಟಿತು. ಆ ದಿನಗಳಲ್ಲಿ ಆ ಶೆಡ್ಡುಗಳನ್ನು ಏನೆಂದು ಕರೆಯಬೇಕಿತ್ತು?

ಈಗ ನಮ್ಮ ಅಡಿಕೆ ತೋಟಗಳಿಗೂ ಹೊರರಾಜ್ಯದ ಕೂಲಿಯವರು ಬರುತ್ತಿದ್ದಾರೆ. ಗುತ್ತಿಗೆದಾರ ಕರೆತಂದವರಿಗೆ ವಾಸಕ್ಕೆ ತಕ್ಕ ಜಾಗ, ಬಂದು ಹೋಗುವ ಖರ್ಚು ಕೊಡಬೇಕೆಂದು 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿತ್ತು. ತೋಟದ ಅಂಚಿನ ಶೆಡ್ಡಿಗೆ ಒಮ್ಮೆ ಹೋಗಿ ನೋಡಿ. ಮಳೆಗಾಲದಲ್ಲಿ ಸೋರುತ್ತದೆಯೇ, ಮುಂಗಡ ಎಷ್ಟು, ಆಧಾರ್ ಕಾರ್ಡು ಯಾರ ಹತ್ತಿರ ಇದೆ ಎಂದು ಕೇಳಿ.